ಚೌಗುಲೆ ಓಡಿ ನೂರು ವರ್ಷ ಕಳೆದ ಮೇಲೆ ಬಂದ ಚಿನ್ನ

ಬೆಳಗಾವಿಯ ಸಿಪಿಎಡ್ ಮೈದಾನಕ್ಕೆ ನಸುಕಿನಲ್ಲಿ ಹೋದರೆ, ಹುಡುಗರು ಕತ್ತಲಲ್ಲೇ ಸುತ್ತು ಹೊಡೆಯುತ್ತಿರುತ್ತಾರೆ. ಕೆಲವರಿಗೆ ಪೊಲೀಸ್ ಭರ್ತಿ, ಉಳಿದವರಿಗೆ ಮಿಲಿಟರಿ ಭರ್ತಿ. ಎಲ್ಲರ ಲೆಕ್ಕವೂ 1600 ಮೀಟರ್. ಮೊನ್ನೆ ಒಬ್ಬ ಹುಡುಗ ಅಡಿ ಕಿತ್ತ ಶೂ ಬಿಚ್ಚಿ ಕಟ್ಟೆ ಮೇಲಿಟ್ಟು ಬರಿಗಾಲಲ್ಲಿ ಓಡಿದ. ಮುಗಿಸಿ ಏದುಸಿರು ಬಿಡುತ್ತಲೇ, "ಎಷ್ಟಾತೋ?" ಅಂತ ಮೊಬೈಲ್ ಹಿಡಿದಿದ್ದ ಗೆಳೆಯನನ್ನು ಕೇಳಿದ. "ಐದು ನಲವತ್ತು." ಇಬ್ಬರ ಮುಖವೂ ಅರಳಿತು.

ಫಡೆಪ್ಪ ಚೌಗುಲೆ ಅವರ ಹೆಸರು ಕೇಳಿದ್ದೀರಾ ಎಂದೆ. ಇಬ್ಬರೂ ಕೇಳಿರಲಿಲ್ಲ. ಭಾರತದ ಅಥ್ಲೆಟಿಕ್ಸ್ ಪದಕಗಳ ಕಥೆಯನ್ನು ನಾವು ಮಿಲ್ಖಾ ಸಿಂಗ್ ಅವರಿಂದ ಶುರುಮಾಡುತ್ತೇವೆ. ನನ್ನ ಪ್ರಕಾರ ಅದನ್ನು ಬೆಳಗಾವಿಯಿಂದ ಶುರುಮಾಡಬೇಕು.

ಆಗ ಬೆಳಗಾವಿ ಮುಂಬೈ ಪ್ರಾಂತ್ಯದಲ್ಲಿತ್ತು. ದೊಡ್ಡ ಓಟ ಅಂದರೆ ಪುಣೆಗೆ ಹೋಗಬೇಕು. 1919ರಲ್ಲಿ ಅಲ್ಲಿನ ಡೆಕ್ಕನ್ ಜಿಮ್ಖಾನಾದ ಕ್ರೀಡಾಕೂಟಕ್ಕೆ ಸರ್ ದೊರಾಬ್ಜಿ ಟಾಟಾ ಬಂದಿದ್ದರು. ಹೊಲದಲ್ಲಿ ದುಡಿಯುವ ಹುಡುಗರು ಬರಿಗಾಲಲ್ಲಿ ಓಡುತ್ತಿದ್ದರು. ಅವರ ಟೈಮ್ ನೋಡಿ ಟಾಟಾ ಬೆರಗಾದರು. ಇವರನ್ನು ಒಲಿಂಪಿಕ್ಸ್‌ಗೆ ಯಾಕೆ ಕಳಿಸಬಾರದು ಅನ್ನಿಸಿತು. ಖರ್ಚಿಗೆ ತಾವೇ ಹಣ ಕೊಟ್ಟರು. 1920ರಲ್ಲಿ ಬೆಲ್ಜಿಯಂನ ಆ್ಯಂಟ್‌ವರ್ಪ್‌ಗೆ ಹೊರಟ ಆ ಪುಟ್ಟ ತಂಡದಲ್ಲಿ ಬೆಳಗಾವಿಯ ಚೌಗುಲೆ ಇದ್ದರು. ಅಲ್ಲಿ ಮ್ಯಾರಥಾನನ್ನು 2 ಗಂಟೆ 50 ನಿಮಿಷ 45 ಸೆಕೆಂಡಿನಲ್ಲಿ ಮುಗಿಸಿ 19ನೇ ಸ್ಥಾನ ಪಡೆದರು. ಜೊತೆಗೆ ಓಡಿದ ಸದಾಶಿವ ದಾತಾರ್ ಅವರಿಗೆ ಗುರಿ ತಲುಪಲು ಆಗಲಿಲ್ಲ. ಗೆದ್ದವರು ಫಿನ್ಲೆಂಡಿನ ಕೋಲೆಮೈನೆನ್. ಚೌಗುಲೆಗಿಂತ 18 ನಿಮಿಷ ಮುಂದೆ.

ಮೊದಲ ಸಲ ಹೋದವರಿಗೆ ಇದು ಸಣ್ಣ ಸಾಧನೆಯಲ್ಲ. ಆದರೆ ಆ 18 ನಿಮಿಷ ಕಡಿಮೆ ಮಾಡೋದು ಹೇಗೆ ಅಂತ ಕಲಿಸುವ ವ್ಯವಸ್ಥೆ ಆಗ ನಮ್ಮಲ್ಲಿ ಇರಲಿಲ್ಲ.

ಇದಕ್ಕೂ ಮೊದಲು, 1900ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ, ಕೋಲ್ಕತ್ತದಲ್ಲಿ ಹುಟ್ಟಿದ ಬ್ರಿಟಿಷ್ ಮೂಲದ ನಾರ್ಮನ್ ಪ್ರಿಚರ್ಡ್ ಎರಡು ಬೆಳ್ಳಿ ಗೆದ್ದಿದ್ದರು. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಅವನ್ನು ಭಾರತದ ಲೆಕ್ಕಕ್ಕೇ ಸೇರಿಸಿದೆ. ಬ್ರಿಟನ್ನಿಗೆ ಸೇರಬೇಕು ಎನ್ನುವ ವಾದವೂ ಇದೆ. ಅದೇನೇ ಇರಲಿ, ಆಮೇಲೆ 121 ವರ್ಷ ಒಲಿಂಪಿಕ್ ಅಥ್ಲೆಟಿಕ್ಸ್‌ನಲ್ಲಿ ನಮಗೆ ಒಂದೂ ಪದಕ ಬರಲಿಲ್ಲ.

ಬಾಗಿಲ ತನಕ ಹೋಗಿ ಬಂದೆವು. 1960ರ ರೋಮ್‌ನಲ್ಲಿ ಮಿಲ್ಖಾ 400 ಮೀಟರ್‌ನಲ್ಲಿ ನಾಲ್ಕನೆಯವರು. ಎರಡು ವರ್ಷ ಹಿಂದೆ ಕಾರ್ಡಿಫ್‌ನ ಕಾಮನ್‌ವೆಲ್ತ್ ಕೂಟದಲ್ಲಿ ಚಿನ್ನ ಗೆದ್ದ ಕಾಲುಗಳು ಅವು. 1984ರ ಲಾಸ್ ಏಂಜಲಿಸ್‌ನಲ್ಲಿ 400 ಮೀಟರ್ ಹರ್ಡಲ್ಸ್‌ನಲ್ಲಿ ಪಿ.ಟಿ. ಉಷಾ ಕೂಡ ನಾಲ್ಕನೆಯವರು. ಕಂಚು ಗೆದ್ದವರು 55.41 ಸೆಕೆಂಡ್, ಉಷಾ 55.42. ಒಂದು ಸೆಕೆಂಡನ್ನು ನೂರು ಪಾಲು ಮಾಡಿ, ಅದರಲ್ಲಿ ಒಂದು ಪಾಲು. ರೆಪ್ಪೆ ಬಡಿಯೋಕೂ ಅದಕ್ಕಿಂತ ಜಾಸ್ತಿ ಹೊತ್ತು ಬೇಕು. ಏಷ್ಯಾದಲ್ಲಿ ಮಾತ್ರ ನಮಗೆ ಬರಗಾಲ ಇರಲಿಲ್ಲ. 1986ರ ಸೋಲ್ ಏಷ್ಯನ್ ಕ್ರೀಡಾಕೂಟದಲ್ಲಿ ಇದೇ ಉಷಾ 4 ಚಿನ್ನ, 1 ಬೆಳ್ಳಿ ತಂದರು.

ಇದನ್ನೆಲ್ಲ ದುರದೃಷ್ಟ ಅಂತ ಹೇಳಿ ಸುಮ್ಮನಾಗುವುದು ಸರಿಯಲ್ಲ. ಪದಕ ಬಂದಾಗ ಏನು ಬದಲಾಗಿತ್ತು ನೋಡಿ. 2003ರಲ್ಲಿ ಅಂಜು ಬಾಬಿ ಜಾರ್ಜ್ ಅಮೆರಿಕಕ್ಕೆ ಹೋಗಿ, ಲಾಂಗ್ ಜಂಪ್‌ನ ವಿಶ್ವದಾಖಲೆ ವೀರ ಮೈಕ್ ಪೊವೆಲ್ ಬಳಿ ತರಬೇತಿ ಪಡೆದರು. ಅದೇ ವರ್ಷ ಪ್ಯಾರಿಸ್‌ನಲ್ಲಿ 6.70 ಮೀಟರ್ ಜಿಗಿದು ಕಂಚು ಗೆದ್ದರು. ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅದು ನಮ್ಮ ಮೊದಲ ಪದಕ.

ನೀರಜ್ ಚೋಪ್ರಾ ಅವರದ್ದೂ ಅದೇ ದಾರಿ. ರಾಷ್ಟ್ರೀಯ ಶಿಬಿರ, ವಿದೇಶದಲ್ಲಿ ಸ್ಪರ್ಧೆ, ದೇಹದ ಚಲನೆಯನ್ನೇ ಅಳೆದು ನೋಡುವ ಜರ್ಮನ್ ಕೋಚ್. 2019ರಲ್ಲಿ ಮೊಣಕೈಗೆ ಶಸ್ತ್ರಚಿಕಿತ್ಸೆ ಆದಾಗಲೂ ಅವರ ಕೈ ಬಿಡದ ಜನ ಇದ್ದರು. 2021ರ ಆಗಸ್ಟ್ 7ರಂದು ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಜಾವೆಲಿನನ್ನು 87.58 ಮೀಟರ್ ಎಸೆದು ಚಿನ್ನ ಗೆದ್ದರು. 2024ರ ಪ್ಯಾರಿಸ್‌ನಲ್ಲಿ ಬೆಳ್ಳಿ. ಇವೆರಡರ ನಡುವೆ ವಿಶ್ವ ಚಾಂಪಿಯನ್‌ಷಿಪ್‌ನ ಒಂದು ಬೆಳ್ಳಿ, ಒಂದು ಚಿನ್ನ. ಒಬ್ಬರು ದಾರಿ ತೋರಿಸಿದರೆ ಹಿಂದೆ ಬರುವವರಿಗೆ ಧೈರ್ಯ ಬರುತ್ತೆ ಅಲ್ವಾ? 2023ರ ಬುಡಾಪೆಸ್ಟ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಜಾವೆಲಿನ್‌ನ ಮೊದಲ ಆರರೊಳಗೆ ಮೂವರು ಭಾರತೀಯರಿದ್ದರು. 2025ರ ಟೋಕಿಯೋ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಸಚಿನ್ ಯಾದವ್ 86.27 ಮೀಟರ್ ಎಸೆದರು. ಕಂಚಿಗೆ 40 ಸೆಂಟಿಮೀಟರ್ ಸಾಲದೆ ಮತ್ತೆ ನಾಲ್ಕನೇ ಸ್ಥಾನ.

ಎಸೆತದಲ್ಲಿ ಆದದ್ದು ದೂರದ ಓಟದಲ್ಲಿ ಇನ್ನೂ ಆಗಬೇಕಿದೆ. ಆಗುತ್ತೆ ಅನ್ನೋಕೆ ಪುರಾವೆ ಇದೆ. ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಹಳ್ಳಿಯಿಂದ ಸೇನೆಗೆ ಸೇರಿದ ಅವಿನಾಶ್ ಸಾಬ್ಳೆಗೆ ಓಟಗಾರನಾಗುವ ದಾರಿ ಸಿಕ್ಕಿದ್ದು ಅಲ್ಲಿಯೇ. 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕೂಟದಲ್ಲಿ, ಅಡೆತಡೆ ಮತ್ತು ನೀರುಗುಂಡಿ ದಾಟಿ ಓಡುವ ಸ್ಟೀಪಲ್‌ಚೇಸ್‌ನಲ್ಲಿ ಕೀನ್ಯಾದವರ ಬೆನ್ನು ಹತ್ತಿ ಓಡಿ ಬೆಳ್ಳಿ ತಂದರು. ಚಿನ್ನ ತಪ್ಪಿದ್ದು 0.05 ಸೆಕೆಂಡಿನಲ್ಲಿ.

ನಮ್ಮ ಹುಡುಗರು ಮಿಲಿಟರಿಗೆ ಸೇರಲು ಓಡುತ್ತಾರೆ. ಭರ್ತಿಯಾಗದಿದ್ದರೆ ಹೆಚ್ಚಿನವರ ಓಟ ಅಲ್ಲಿಗೇ ನಿಲ್ಲುತ್ತದೆ. ಬರಿಗಾಲ ಹುಡುಗನಿಗೆ ಚೌಗುಲೆ ಅವರ ಟೈಮ್ ಹೇಳಿದೆ. ಅವನು ಮೊಬೈಲ್ ತೆಗೆದು ಲೆಕ್ಕ ಹಾಕಿದ. "ಕಿಲೋಮೀಟರಿಗೆ ನಾಲ್ಕು ನಿಮಿಷ ಬೀಳ್ತೈತ್ರಿ. ಅದೂ ನಲವತ್ತೆರಡು ಕಿಲೋಮೀಟರ್!" ಅಂದ. ಸ್ವಲ್ಪ ಹೊತ್ತು ಸುಮ್ನೆ ನಿಂತ. ಆಮೇಲೆ ಇನ್ನೊಂದು ಸುತ್ತಿಗೆ ಹೊರಟ.