ಮನುಷ್ಯನ ಕಾಯಿಲೆಗೆ ಹಂದಿ ಕೊಟ್ಟ ವಿಳಾಸ

"ಹಂದಿಗೂ ನಮಗೂ ಶೇಕಡಾ ಇಷ್ಟು ಜೀನ್ ಒಂದೇ" ಅನ್ನುವ ಫಾರ್ವರ್ಡ್ ಕಂಡರೆ ನನಗೆ ಸಿಟ್ಟು ಬರುತ್ತದೆ. ಶೇಕಡಾ ಲೆಕ್ಕ ಇಟ್ಟುಕೊಂಡು ಏನು ಮಾಡುವುದು? ಯಾವ ಜೀನ್ ಪಕ್ಕ ಯಾವುದು ಕೂತಿದೆ ಅನ್ನುವುದರಲ್ಲೇ ಮಜಾ ಇರುವುದು.

ನಮಗೆ 23 ಜೊತೆ ಕ್ರೋಮೋಸೋಮ್, ಹಂದಿಗೆ 19, ಹಸುವಿಗೆ 30. ಎಣಿಕೆ ಎಲ್ಲೂ ತಾಳೆಯಾಗುವುದಿಲ್ಲ. ಆದರೆ ಕೋಟ್ಯಂತರ ವರ್ಷಗಳಲ್ಲಿ ಕ್ರೋಮೋಸೋಮ್‌ಗಳು ಮುರಿದು ಎಲ್ಲೆಲ್ಲೋ ಅಂಟಿಕೊಂಡರೂ, ದೊಡ್ಡ ದೊಡ್ಡ ತುಂಡುಗಳು ಇಡಿಯಾಗಿ ಉಳಿದುಕೊಂಡಿವೆ. ಒಂದು ವಠಾರಕ್ಕೆ ವಠಾರವೇ ಬೇರೆ ಊರಿಗೆ ಗುಳೆ ಹೋದ ಹಾಗೆ. ಊರು ಬೇರೆ, ಮನೆಗಳ ಸಾಲು ಅಲ್ಲಲ್ಲಿ ಹಿಂದುಮುಂದು, ನೆರೆಹೊರೆಯವರು ಮಾತ್ರ ಅವರೇ.

ಇದರಿಂದ ಜೀವ ಉಳಿಯುತ್ತದೆ. 1960ರಲ್ಲಿ ಮೆಲ್ಬರ್ನ್‌ನ ವೈದ್ಯರಾದ ಡೆನ್‌ಬರೋ ಮತ್ತು ಲವೆಲ್ ಒಬ್ಬ ಯುವಕನ ಬಗ್ಗೆ ಬರೆದರು. ಕಾಲು ಮುರಿದಿತ್ತು, ಅವನಿಗೆ ಅರಿವಳಿಕೆಯದೇ ಜಾಸ್ತಿ ಭಯ, ಯಾಕೆಂದರೆ ಬಂಧುಗಳಲ್ಲಿ ಹತ್ತು ಜನ ಈಥರ್ ಕೊಟ್ಟ ಮೇಲೆ ಸತ್ತಿದ್ದರು. ಈಥರ್ ಬದಲು ಹ್ಯಾಲೋಥೇನ್ ಎಂಬ ಇನ್ನೊಂದು ಅರಿವಳಿಕೆ ಕೊಟ್ಟರು, ಅವನ ಮೈಯೂ ಕಾದುಹೋಯಿತು. ಪುಣ್ಯಕ್ಕೆ ಬದುಕಿದ. ಈ ಕಾಯಿಲೆಗೆ ಈಗ ಮ್ಯಾಲಿಗ್ನಂಟ್ ಹೈಪರ್‌ಥರ್ಮಿಯಾ ಅನ್ನುತ್ತಾರೆ.

ಕೆಲವು ತಳಿಯ ಹಂದಿಗಳಿಗೂ ಹೀಗೇ ಆಗುತ್ತಿತ್ತು. ಹ್ಯಾಲೋಥೇನ್ ಮೂಸಿದರೆ ಕಾಲು ಸೆಟೆದುಕೊಳ್ಳುತ್ತಿತ್ತು, ಲಾರಿಗೆ ಹತ್ತಿಸಿದರೆ ಗಾಬರಿಗೇ ಸಾಯುತ್ತಿದ್ದವು. (1975ರಲ್ಲಿ ಡ್ಯಾಂಟ್ರೋಲೀನ್ ಔಷಧಿ ಇದನ್ನು ತಡೆಯುತ್ತದೆಂದು ತೋರಿಸಿದ್ದೂ ಹಂದಿಗಳ ಮೇಲೆಯೇ, ದಕ್ಷಿಣ ಆಫ್ರಿಕದಲ್ಲಿ.) ಈ ದೋಷ ಜಿಪಿಐ ಎಂಬ ಕಿಣ್ವದ ಜೀನ್ ಜೊತೆಗೇ ಮರಿಗಳಿಗೆ ದಾಟುತ್ತದೆಂದು ಹಂದಿಗಳ ರಕ್ತಪರೀಕ್ಷೆಗಳಿಂದ ಆಗಲೇ ಗೊತ್ತಿತ್ತು. ಅಂದರೆ ಎರಡೂ ಒಂದೇ ವಠಾರದವು. ಮನುಷ್ಯರಲ್ಲಿ ಜಿಪಿಐ ಇರುವುದು 19ನೇ ಕ್ರೋಮೋಸೋಮಿನಲ್ಲಿ. ಹಾಗಾದರೆ ಅದರ ಆಸುಪಾಸಿನಲ್ಲೇ ಹುಡುಕಬೇಕು, ಅಲ್ವಾ? 1990ರಲ್ಲಿ ಹುಡುಕಿದರು, ಸಿಕ್ಕಿತು: ಆರ್‌ವೈಆರ್1.

ಈ ಜೀನ್ ಮಾಡುವ ಪ್ರೋಟೀನು ಸ್ನಾಯುವಿನ ಕೋಶದೊಳಗೆ ಕ್ಯಾಲ್ಸಿಯಂ ಬಿಡುವ ಬಾಗಿಲು. ತೆರೆದರೆ ಸ್ನಾಯು ಬಿಗಿಯುತ್ತದೆ, ಮುಚ್ಚಿ ಕ್ಯಾಲ್ಸಿಯಂ ವಾಪಸಾದರೆ ಸಡಿಲವಾಗುತ್ತದೆ. ದೋಷವಿದ್ದರೆ ಇಂಥ ಅರಿವಳಿಕೆ ತಗುಲಿದಾಗ ಬಾಗಿಲು ತೆರೆದೇ ಉಳಿಯುತ್ತದೆ. ಸ್ನಾಯು ಬಿಗಿಯುತ್ತಲೇ ಹೋಗುತ್ತದೆ, ಕ್ಯಾಲ್ಸಿಯಂ ವಾಪಸ್ ತುಂಬಲು ಪಂಪುಗಳು ಒಂದೇ ಸಮನೆ ದುಡಿಯುತ್ತವೆ, ಶಕ್ತಿಯೆಲ್ಲ ಉರಿದು ಶಾಖವಾಗುತ್ತದೆ. 1991ರಲ್ಲಿ ಟೊರಾಂಟೊದ ಮ್ಯಾಕ್‌ಲೆನನ್ ತಂಡ ಹಂದಿಯ ಈ ಪ್ರೋಟೀನಿನಲ್ಲಿ 615ನೇ ಜಾಗದ ಆರ್ಜಿನೀನ್ ಎಂಬ ಅಮೈನೋ ಆಮ್ಲ (ಪ್ರೋಟೀನಿನ ಸರಪಳಿಯ ಒಂದು ಮಣಿ) ಹೋಗಿ ಸಿಸ್ಟೀನ್ ಎಂಬ ಇನ್ನೊಂದು ಬಂದಿರುವುದನ್ನು ಕಂಡಿತು. ಒಂದು ಮನುಷ್ಯ ಕುಟುಂಬದಲ್ಲೂ ಅದೇ ಬದಲಾವಣೆ ಸಿಕ್ಕಿತು, 614ನೇ ಜಾಗದಲ್ಲಿ.

ವ್ಯತ್ಯಾಸವೂ ಉಂಟು. ಪ್ರತಿ ಜೀನೂ ಅಪ್ಪನಿಂದ ಒಂದು, ಅಮ್ಮನಿಂದ ಒಂದು ಅಂತ ಎರಡು ಪ್ರತಿ ಇರುತ್ತದಲ್ಲ, ಮನುಷ್ಯನಿಗೆ ಒಂದೇ ಕೆಟ್ಟ ಪ್ರತಿ ಸಾಕು, ಹಂದಿ ಸಾಯಬೇಕಾದರೆ ಸಾಮಾನ್ಯವಾಗಿ ಎರಡೂ ಕೆಟ್ಟಿರಬೇಕು. ಒಂದೇ ಪ್ರತಿ ಕೆಟ್ಟಿರುವ ಹಂದಿ ಕೊಬ್ಬು ಕಮ್ಮಿಯಾಗಿ, ಮಾಂಸ ಜಾಸ್ತಿಯಾಗಿ ಬೆಳೆಯುತ್ತದೆ. ತಳಿ ಬೆಳೆಸುವವರು ಒಳ್ಳೇ ಹಂದಿ ಅಂತ ಅದನ್ನೇ ಆರಿಸಿ ಆರಿಸಿ, ಗೊತ್ತಿಲ್ಲದೇ ಈ ದೋಷವನ್ನು ಹಿಂಡುಗಳಲ್ಲಿ ಹಬ್ಬಿಸಿದ್ದರು.