ಕೊನೆಯ ಐದು ಮೀಟರ್

ಹಳೇ ಸೇತುವೆಗಳ ಮೇಲೆ ಎಷ್ಟೋ ಸಲ ಒಂದು ಇಸವಿ ಕೆತ್ತಿರುತ್ತಾರೆ. ದಿನಾ ಅಲ್ಲೇ ಓಡಾಡುವವರೂ ಅದನ್ನು ಓದಿರುವುದಿಲ್ಲ. ಜಿಯೋಕ್ಯಾಶಿಂಗ್ ಆಡುವವರು ಮಾತ್ರ ಬಿಡುವುದಿಲ್ಲ, ಯಾಕೆಂದರೆ ಕೆಲವು ಆಟಗಳಲ್ಲಿ ಆ ಇಸವಿಯ ಅಂಕಿಗಳನ್ನು ಕೂಡಿ ಕಳೆದರೇನೇ ಮುಂದಿನ ಜಾಗದ ಅಕ್ಷಾಂಶ ರೇಖಾಂಶ ಸಿಗುತ್ತದೆ.

ಆಟ ಸರಳ. ಒಬ್ಬರು ಡಬ್ಬಿಯೊಳಗೆ ಸಣ್ಣ ಪುಸ್ತಕ ಹಾಕಿ ಎಲ್ಲೋ ಬಚ್ಚಿಟ್ಟು, ಆ ಜಾಗದ ಅಕ್ಷಾಂಶ ರೇಖಾಂಶವನ್ನು ಎಲ್ಲರಿಗೂ ತಿಳಿಸುತ್ತಾರೆ. ಉಪಗ್ರಹಗಳಿಂದ ಜಾಗ ತಿಳಿಸುವ ಜಿಪಿಎಸ್ ನೋಡಿಕೊಂಡು ಹುಡುಕಿದವರು ಆ ಪುಸ್ತಕದಲ್ಲಿ ಹೆಸರು ಬರೆದು, ಡಬ್ಬಿಯನ್ನು ಇದ್ದಲ್ಲೇ ಇಡುತ್ತಾರೆ.

ಇದು ಶುರುವಾದದ್ದು 2000ದ ಮೇ ತಿಂಗಳಲ್ಲಿ. ಅಲ್ಲಿಯವರೆಗೆ ಅಮೆರಿಕ ಸರ್ಕಾರ ಜನಸಾಮಾನ್ಯರಿಗೆ ಸಿಗುವ ಜಿಪಿಎಸ್ ಸಂಕೇತವನ್ನು ಬೇಕಂತಲೇ ಕೆಡಿಸಿ ಕಳಿಸುತ್ತಿತ್ತು. ಸುಮಾರು 100 ಮೀಟರ್ ತನಕ ತಪ್ಪು ಬರುತ್ತಿತ್ತು, ಅಷ್ಟು ದೊಡ್ಡ ಜಾಗದಲ್ಲಿ ಡಬ್ಬಿ ಹುಡುಕೋದು ಹೇಗೆ? ಮೇ 2ರಂದು ಅದನ್ನು ನಿಲ್ಲಿಸಿದರು. ಮರುದಿನವೇ ಆರೆಗಾನ್ ರಾಜ್ಯದಲ್ಲಿ ಡೇವ್ ಉಲ್ಮರ್ ಒಂದು ಬಕೆಟ್ ಬಚ್ಚಿಟ್ಟು ಜನರನ್ನು ಹುಡುಕಲು ಕರೆದರು. ಹುಡುಕಾಟದ ಆಸೆ ಮಾತ್ರ ಇನ್ನೂ ಹಳೆಯದು. ಇಂಗ್ಲೆಂಡಿನ ಡಾರ್ಟ್‌ಮೂರ್ ಬಯಲಿನಲ್ಲಿ 1854ರಲ್ಲೇ ಜೇಮ್ಸ್ ಪೆರೊಟ್ ಎಂಬ ಮಾರ್ಗದರ್ಶಿ ಒಂದು ಬಾಟಲಿ ಇಟ್ಟಿದ್ದರು, ಅಲ್ಲಿಯವರೆಗೆ ನಡೆದುಹೋದವರು ತಮ್ಮ ಚೀಟಿ ಹಾಕಿ ಬರಲಿ ಅಂತ.

ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತವೆ. ಸಂಕೇತ ಅಲ್ಲಿಂದ ಹೊರಟು ಫೋನಿಗೆ ಬರಲು ಎಷ್ಟು ಹೊತ್ತು ಹಿಡಿಯಿತು ಅನ್ನುವುದರಿಂದ ದೂರ ಗೊತ್ತಾಗುತ್ತದೆ. ಒಂದು ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲು ತಪ್ಪಿದರೂ ದೂರದ ಲೆಕ್ಕ 300 ಮೀಟರ್ ತಪ್ಪುತ್ತದೆ. ಉಪಗ್ರಹದಲ್ಲಿ ತೀರಾ ನಿಖರವಾದ ಪರಮಾಣು ಗಡಿಯಾರ ಇದೆ, ಫೋನಿನಲ್ಲಿ ಇಲ್ಲ. ಹಾಗಾಗಿ ಜಾಗ ತಿಳಿಯಲು ಮೂರು ಉಪಗ್ರಹ ಸಾಲದು, ಫೋನಿನ ಗಡಿಯಾರದ ತಪ್ಪನ್ನು ಸರಿಪಡಿಸಲು ನಾಲ್ಕನೆಯದೂ ಬೇಕು.

ಇಷ್ಟೆಲ್ಲಾ ಆದಮೇಲೂ, ಬಯಲಲ್ಲಿ ನಿಂತರೂ, ಸುಮಾರು ಐದು ಮೀಟರ್ ಆಚೀಚೆ ಉಳಿಯುತ್ತದೆ. ಎತ್ತರದ ಗೋಡೆ, ದಟ್ಟ ಮರ ಇದ್ದಲ್ಲಿ ಇನ್ನೂ ಜಾಸ್ತಿ, ಯಾಕೆಂದರೆ ಸಂಕೇತ ಗೋಡೆಗೆ ಬಡಿದು ಸುತ್ತಿ ಬಳಸಿ ಬರುತ್ತದೆ. ನನಗೆ ಈ ಆಟದಲ್ಲಿ ತುಂಬಾ ಇಷ್ಟವಾಗುವುದು ಆ ಐದು ಮೀಟರೇ. ಅಲ್ಲಿ ಫೋನ್ ಕೈಬಿಡುತ್ತದೆ, ಕಣ್ಣಿನ ಕೆಲಸ ಶುರುವಾಗುತ್ತದೆ. ಡಬ್ಬಿಗಾಗಿ ಗೋಡೆ ಸುತ್ತ ಸುತ್ತುವಾಗ ಮುಚ್ಚಿಹಾಕಿದ ಬಾಗಿಲಿನ ಗುರುತು ಕಾಣುತ್ತದೆ, ಒಂದು ಕಡೆ ಇಟ್ಟಿಗೆಯ ಬಣ್ಣ ಬೇರೆ ಇರುವುದು ಕಾಣುತ್ತದೆ, ಇಲ್ಲಿ ಏನೋ ಆಗಿತ್ತಲ್ವಾ ಅನ್ನಿಸುತ್ತದೆ.

ಬಚ್ಚಿಡುವವರಿಗೆ ಕೆಲಸ ಇನ್ನೂ ಜಾಸ್ತಿ. ಹಳೇ ನಕ್ಷೆ ನೋಡಬೇಕು, ಹಿರಿಯರನ್ನು ಕೇಳಬೇಕು, ಕಲ್ಲಿನ ಮೇಲಿನ ಇಸವಿ ಕಟ್ಟಿದ್ದೋ ರಿಪೇರಿ ಮಾಡಿದ್ದೋ ಅಂತ ವಿಚಾರಿಸಬೇಕು. ಸ್ಮಾರಕದ ಸಂದಿಯಲ್ಲಿ ಡಬ್ಬಿ ತುರುಕುವುದು ಖಂಡಿತ ಬೇಡ, ಹುಡುಕುವವರು ಕಲ್ಲು ಕೀಳಲು ಶುರು ಮಾಡುತ್ತಾರೆ. ಸುಳಿವು ಮಾತ್ರ ಅಲ್ಲಿರಲಿ, ಡಬ್ಬಿ ದೂರದಲ್ಲಿ, ಒಪ್ಪಿಗೆ ಪಡೆದ ಜಾಗದಲ್ಲಿರಲಿ. ಸುಳಿವಿಗೂ ಕೆತ್ತಿದ ಅಂಕಿಯನ್ನೇ ಆರಿಸಿಕೊಳ್ಳಿ. ಬಣ್ಣದಲ್ಲಿ ಬರೆದದ್ದರ ಮೇಲೆ ಮುಂದಿನ ವರ್ಷ ಯಾರಾದರೂ ಸುಣ್ಣ ಬಳಿದುಬಿಡಬಹುದು.