ಶಾರ್ಟ್ ಸೆಲ್ಲಿಂಗ್ ನಿಷೇಧ ಮತ್ತು ಇನ್ವರ್ಸ್ ಫಂಡ್

ತನ್ನ ಬಳಿ ಇಲ್ಲದ ಷೇರನ್ನು ಎರವಲು ಪಡೆದು ಇಂದಿನ ಬೆಲೆಗೆ ಮಾರಿ, ಬೆಲೆ ಇಳಿದ ಮೇಲೆ ಅದನ್ನೇ ಕೊಂಡು ಹಿಂತಿರುಗಿಸಿ, ವ್ಯತ್ಯಾಸವನ್ನು ಲಾಭವಾಗಿ ಉಳಿಸಿಕೊಳ್ಳುವ ವ್ಯವಹಾರಕ್ಕೆ ಶಾರ್ಟ್ ಸೆಲ್ಲಿಂಗ್ ಎನ್ನುತ್ತಾರೆ. ಇನ್ವರ್ಸ್ ಫಂಡ್ ಎಂಬುದು ಸೂಚ್ಯಂಕದ ದಿನದ ಚಲನೆಗೆ ವಿರುದ್ಧ ದಿಕ್ಕಿನ ಫಲ ಕೊಡಲೆಂದು ರೂಪಿಸಿದ ನಿಧಿ. ಸೂಚ್ಯಂಕ ಶೇ 1ರಷ್ಟು ಇಳಿದ ದಿನ ಅದು ಶೇ 1ರಷ್ಟು ಏರಬೇಕು. ಪೇಟೆ ಕುಸಿಯುವಾಗ ನಿಯಂತ್ರಣ ಸಂಸ್ಥೆಗಳು ಶಾರ್ಟ್ ಸೆಲ್ಲಿಂಗನ್ನು ತಾತ್ಕಾಲಿಕವಾಗಿ ನಿಷೇಧಿಸುವುದುಂಟು. ಆ ಆದೇಶದಲ್ಲಿ ಇನ್ವರ್ಸ್ ಫಂಡಿನ ಹೆಸರೇ ಇಲ್ಲದಿದ್ದರೂ ಪೆಟ್ಟು ಅದಕ್ಕೆ ತಗಲಬಹುದು. ಅದು ಹೇಗೆಂದು ಅರಿಯಲು ಫಂಡಿನ ಒಳಗೆ ನಡೆಯುವುದನ್ನು ನೋಡಬೇಕು.

ಇಂಥ ಫಂಡುಗಳು ಸಾಮಾನ್ಯವಾಗಿ ಷೇರುಗಳನ್ನು ತಾವೇ ಎರವಲು ತಂದು ಮಾರುವುದಿಲ್ಲ; ಬ್ಯಾಂಕುಗಳೊಡನೆ ಸ್ವಾಪ್ ಒಪ್ಪಂದ ಮಾಡಿಕೊಳ್ಳುತ್ತವೆ ಅಥವಾ ಫ್ಯೂಚರ್ಸ್, ಅಂದರೆ ಮುಂದಿನ ದಿನಾಂಕದ ವಹಿವಾಟಿಗೆ ಇಂದೇ ಬೆಲೆ ಗೊತ್ತುಪಡಿಸುವ ಒಪ್ಪಂದಗಳನ್ನು, ಮಾರುತ್ತವೆ. ಸೂಚ್ಯಂಕ ಇಳಿದಷ್ಟೂ ಫಂಡಿಗೆ ಹಣ ಕೊಡುವುದಾಗಿ ಸ್ವಾಪ್‌ನಲ್ಲಿ ಒಪ್ಪಿದ ಬ್ಯಾಂಕು ಆ ಹೊರೆಯನ್ನು ತಾನೇ ಹೊತ್ತುಕೊಂಡು ಕೂರುವುದಿಲ್ಲ, ಅದೇ ಷೇರುಗಳನ್ನು ಶಾರ್ಟ್ ಮಾಡಿ ತನ್ನ ನಷ್ಟಕ್ಕೆ ರಕ್ಷಣೆ ಮಾಡಿಕೊಳ್ಳುತ್ತದೆ. ಶಾರ್ಟ್ ಮಾಡುವುದೇ ನಿಷಿದ್ಧವಾದಾಗ ಈ ರಕ್ಷಣೆ ತಪ್ಪಿ, ಬ್ಯಾಂಕು ಹೊಸ ಸ್ವಾಪ್‌ಗೆ ಒಪ್ಪದೆ ಹೋಗುತ್ತದೆ. ಹೊಸ ಹೂಡಿಕೆಯ ಹಣಕ್ಕೆ ತಕ್ಕ ಸ್ವಾಪ್ ಸಿಗದ ಫಂಡು ಹೊಸ ಯೂನಿಟ್‌ಗಳನ್ನು ಹೊರಡಿಸಲಾರದು.

2008ರ ಸೆಪ್ಟೆಂಬರ್ 19ರಂದು ಆದದ್ದು ಇದೇ. ಅಮೆರಿಕದ ಷೇರುಪೇಟೆ ನಿಯಂತ್ರಕ ಸಂಸ್ಥೆಯಾದ ಎಸ್‌ಇಸಿ ಅಂದು 799 ಹಣಕಾಸು ಕಂಪನಿಗಳ ಷೇರುಗಳ ಶಾರ್ಟ್ ಸೆಲ್ಲಿಂಗನ್ನು ನಿಷೇಧಿಸಿತು. ಹಣಕಾಸು ವಲಯದ ಕುಸಿತದ ಮೇಲೆ ನಿಂತಿದ್ದ ಪ್ರೋಷೇರ್ಸ್ ಸಂಸ್ಥೆಯ, ಷೇರಿನಂತೆ ಪೇಟೆಯಲ್ಲೇ ಕೊಂಡು ಮಾರುವ ಫಂಡುಗಳಾದ ಎರಡು ಇನ್ವರ್ಸ್ ಇಟಿಎಫ್‌ಗಳಿಗೆ ಹೊಸ ಯೂನಿಟ್‌ಗಳ ಬೇಡಿಕೆಯನ್ನು ಸ್ವೀಕರಿಸುವುದಿಲ್ಲವೆಂದು ಆ ಸಂಸ್ಥೆ ಪ್ರಕಟಿಸಿತು. ಹಳೆಯ ಯೂನಿಟ್‌ಗಳ ಕೊಡುಕೊಳ್ಳುವಿಕೆಗೆ ಮಾತ್ರ ಪೇಟೆಯಲ್ಲಿ ಅವಕಾಶ ಉಳಿಯಿತು.

ಇಟಿಎಫ್‌ನ ಪೇಟೆ ಬೆಲೆಯು ಅದರ ಒಂದು ಯೂನಿಟ್ಟಿನ ಪಾಲಿಗೆ ಬರುವ ನಿವ್ವಳ ಆಸ್ತಿ ಮೌಲ್ಯವನ್ನು, ಅಂದರೆ ಎನ್‌ಎವಿಯನ್ನು ಬಿಟ್ಟು ದೂರ ಹೋಗದಿರಲು ಕಾರಣ ಯೂನಿಟ್‌ಗಳ ಸೃಷ್ಟಿ ಮತ್ತು ಹಿಂಪಡೆತವೇ. ಎನ್‌ಎವಿ 100 ಇದ್ದು ಪೇಟೆಯಲ್ಲಿ ಬೆಲೆ 106ಕ್ಕೆ ಏರಿದರೆ, ದೊಡ್ಡ ದಲ್ಲಾಳಿ ಸಂಸ್ಥೆಗಳು ಫಂಡಿನಿಂದ 100ಕ್ಕೆ ಹೊಸ ಯೂನಿಟ್ ಪಡೆದು 106ಕ್ಕೆ ಮಾರಲು ಧಾವಿಸುತ್ತವೆ, ಬೆಲೆ ತಾನಾಗಿ ತಗ್ಗುತ್ತದೆ. ಹೊಸ ಯೂನಿಟ್ ನಿಂತ ದಿನ ಈ ತಗ್ಗಿಸುವ ಕೈ ಇಲ್ಲವಾಗುತ್ತದೆ. ಬೆಲೆ ಎನ್‌ಎವಿಗಿಂತ ಕೆಳಗಿಳಿದರೆ ಯೂನಿಟ್ ಹಿಂತಿರುಗಿಸಿ ಸರಿಪಡಿಸುವ ದಾರಿ ತೆರೆದೇ ಇರುವುದರಿಂದ, ಬೆಲೆ ಮೇಲಕ್ಕೆ ಮಾತ್ರ ಕಟ್ಟು ಹರಿದುಕೊಂಡಂತಾಗುತ್ತದೆ. ಇಂಥ ಹೊತ್ತಿನಲ್ಲಿ 106 ಕೊಟ್ಟು ಕೊಂಡವರ ಗತಿಯನ್ನು ಗಮನಿಸಿ: ಸೂಚ್ಯಂಕ ಅವರು ಎಣಿಸಿದಂತೆಯೇ ಶೇ 4ರಷ್ಟು ಇಳಿಯಿತು, ಎನ್‌ಎವಿ 104 ಆಯಿತು, ಅಷ್ಟರಲ್ಲಿ ನಿಷೇಧ ತೆರವಾಗಿ ಬೆಲೆ ಎನ್‌ಎವಿಗೆ ಮರಳಿತು. ಅವರ ಅಂದಾಜು ಸರಿಯಾಗಿತ್ತು. ಆದರೂ ಕೈಯಿಂದ 2 ಹೋಯಿತು. ನಿಷೇಧದ ಚರ್ಚೆಗಳಲ್ಲಿ ಈ ಸಣ್ಣ ಹೂಡಿಕೆದಾರರ ಮಾತು ಬಾರದೇ ಹೋಗುವುದು ನನಗೆ ಸರಿಯೆನಿಸುವುದಿಲ್ಲ.

ಇಡೀ ಪೇಟೆಗಾದರೂ ನಿಷೇಧದಿಂದ ಲಾಭವಾಯಿತೇ ಎಂದರೆ, ಪುರಾವೆ ಹೆಚ್ಚಾಗಿ ಇಲ್ಲವೆನ್ನುತ್ತದೆ. 2007ರಿಂದ 2009ರವರೆಗಿನ ಬಿಕ್ಕಟ್ಟಿನಲ್ಲಿ 30 ದೇಶಗಳ ಪೇಟೆಗಳನ್ನು ಪರಿಶೀಲಿಸಿದ ಬೇಬರ್ ಮತ್ತು ಪಗಾನೊ ಅವರ ಅಧ್ಯಯನವು, ನಿಷೇಧದಿಂದ ಕೊಳ್ಳುವ ಮತ್ತು ಮಾರುವ ಬೆಲೆಗಳ ನಡುವಿನ ಅಂತರ ಹಿಗ್ಗಿತೆಂದೂ, ಸುದ್ದಿ ಬೆಲೆಗೆ ತಲುಪುವುದು ನಿಧಾನವಾಯಿತೆಂದೂ, ಅಮೆರಿಕದ ಹಣಕಾಸು ಷೇರುಗಳನ್ನು ಬಹುಶಃ ಬಿಟ್ಟರೆ ಬೇರೆಲ್ಲೂ ಬೆಲೆಗಳಿಗೆ ಆಸರೆ ಸಿಗಲಿಲ್ಲವೆಂದೂ ತೋರಿಸಿತು. ಎಸ್‌ಇಸಿಯ ಆಗಿನ ಅಧ್ಯಕ್ಷ ಕ್ರಿಸ್ಟೊಫರ್ ಕಾಕ್ಸ್ ಅವರೇ 2008ರ ಕೊನೆಯಲ್ಲಿ, ಪ್ರಯೋಜನಕ್ಕಿಂತ ನಷ್ಟವೇ ಹೆಚ್ಚಾದಂತೆ ಕಾಣುತ್ತದೆ ಎಂದು ಒಪ್ಪಿಕೊಂಡರು. ಇಷ್ಟಾದರೂ 2011ರಲ್ಲಿ ಮತ್ತು 2020ರ ಮಾರ್ಚ್‌ನಲ್ಲಿ ಯುರೋಪಿನ ಹಲವು ದೇಶಗಳು ಅದೇ ಹಾದಿ ಹಿಡಿದವು.

ಎಲ್ಲ ನಿಷೇಧಗಳೂ ಒಂದೇ ಬಗೆಯವಲ್ಲ. ದಕ್ಷಿಣ ಕೊರಿಯಾದಲ್ಲಿ 2023ರ ನವೆಂಬರ್‌ನಿಂದ 2025ರ ಮಾರ್ಚ್‌ವರೆಗೆ ಷೇರುಗಳ ಶಾರ್ಟ್ ಸೆಲ್ಲಿಂಗ್ ನಿಂತಿದ್ದರೂ, ಸೂಚ್ಯಂಕದ ಫ್ಯೂಚರ್ಸ್ ಮೇಲೆ ಕಟ್ಟಿದ ಇನ್ವರ್ಸ್ ಇಟಿಎಫ್‌ಗಳ ವಹಿವಾಟು ಮುಂದುವರಿಯಿತು. ಫ್ಯೂಚರ್ಸ್ ಮಾರುವುದಕ್ಕೆ ಷೇರು ಎರವಲು ಬೇಕಿಲ್ಲ. ಹಾಗಾಗಿ ಇಂಥ ಫಂಡನ್ನು ಹಿಡಿದಿರುವವರು ನಿಷೇಧದ ಸುದ್ದಿ ಬಂದ ದಿನ ಮೊದಲು ತಿಳಿಯಬೇಕಾದದ್ದು ಎರಡು: ಫಂಡು ಸ್ವಾಪ್ ಮೇಲೆ ನಿಂತಿದೆಯೋ ಫ್ಯೂಚರ್ಸ್ ಮೇಲೋ, ಮತ್ತು ಹೊಸ ಯೂನಿಟ್ ಇನ್ನೂ ಹೊರಡುತ್ತಿದೆಯೇ. ಹೊರಡುತ್ತಿಲ್ಲವಾದರೆ, ಪರದೆಯ ಮೇಲಿನ ಬೆಲೆಯನ್ನು ಆ ದಿನದ ಎನ್‌ಎವಿಯ ಪಕ್ಕದಲ್ಲಿಟ್ಟು ನೋಡದೆ ಕೊಳ್ಳಬಾರದು.